ಟೀ ಬೀಳುವ ವೇಗ

ಯಾರೂ ನಗಲಿಲ್ಲ. ಮೊದಲು ಇದನ್ನು ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಂಡಿರಲು ನನ್ನಿಂದ ಆಗುವುದಿಲ್ಲ. ಅಮೆರಿಕದ ಲಿವೋನಿಯಾ ಎಂಬ ಊರಿನ ಶಾಲೆಯೊಂದರ ಹಾಲಿನಲ್ಲಿ ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತಿದ್ದರು ಜನ, ಅಷ್ಟು ಜನರಲ್ಲಿ ಒಬ್ಬರೂ ನಗಲಿಲ್ಲ. ಆಮೇಲೆ ಚಪ್ಪಾಳೆ ಬಿತ್ತು, ಬಹುಮಾನವೂ ಬಂತು. ಅದೆಲ್ಲ ಆಮೇಲಿನ ಮಾತು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆಯುವುದು ನನ್ನ ಕಸುಬಲ್ಲ. ನನ್ನ ಕಸುಬು ಸರ್ಕಾರದ ಪ್ರಚಾರ ವ್ಯಾನಿನಲ್ಲಿ ಸಿನಿಮಾ ತೋರಿಸುವುದಾಗಿತ್ತು. ಅರಸೀಕೆರೆ, ತಿಪಟೂರು, ಹೊಸದುರ್ಗದ ಕಡೆಯ ಹಳ್ಳಿಗಳಲ್ಲಿ ಶಾಲೆಯ ಗೋಡೆಗೆ ಬಿಳಿ ಪರದೆ ಕಟ್ಟಿ, ಸೊಳ್ಳೆಯಿಂದ ಜ್ವರ ಹೇಗೆ ಬರುತ್ತದೆ, ಗೊಬ್ಬರದ ಗುಂಡಿ ಹೇಗೆ ತೋಡಬೇಕು ಎಂದು ಚಿತ್ರ ತೋರಿಸುತ್ತಿದ್ದೆವು. ಮೊದಲು ಪೆಟ್ಟಿಗೆ ಹೊರುವವನಾಗಿ ಸೇರಿದೆ, ಕೊನೆಗೆ ಮೆಷೀನು ನಡೆಸುವ ಆಪರೇಟರ್ ಆಗಿ ನಿವೃತ್ತನಾದೆ. ಆ ಕಸುಬು ಅಮೆರಿಕದಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನೇ ನಕ್ಕುಬಿಡುತ್ತಿದ್ದೆ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷ ಆಗಿತ್ತು. ಡೆಟ್ರಾಯಿಟ್ ಹತ್ತಿರದ ರಾಚೆಸ್ಟರ್ ಹಿಲ್ಸ್‌ನಲ್ಲಿದ್ದ ಮಗಳ ಮನೆಗೆ ಆರು ತಿಂಗಳಿಗೆಂದು ಬಂದಿದ್ದೆ. ನನ್ನವಳು ಊರಿನಲ್ಲಿ ಚಿಕ್ಕ ಮಗಳ ಬಾಣಂತನಕ್ಕೆ ಉಳಿದಳು. ಇಲ್ಲಿ ಮಗಳು ಆಸ್ಪತ್ರೆಯ ಲ್ಯಾಬಿಗೆ, ಅಳಿಯ ಆಫೀಸಿಗೆ ಹೊರಟರೆ ನಾನು, ಕಿಟಕಿಯಾಚೆಯ ಮಂಜು, ಇಬ್ಬರೇ. ಮೂರೂವರೆಗೆ ಹಳದಿ ಬಸ್ಸು ಬಂದು ಮೊಮ್ಮಗಳು ಇಳಿದರೆ ನನಗೆ ಬೆಳಗಾಗುತ್ತಿತ್ತು. ಹದಿಮೂರು ವರ್ಷದ ಹುಡುಗಿ. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಅವಳ ಇಂಗ್ಲಿಷು ನನಗೆ ಅರ್ಧ ಗೊತ್ತಾಗುತ್ತಿತ್ತು, ಉಳಿದರ್ಧ ಅವಳ ಕೈ ಹೇಳುತ್ತಿತ್ತು.

ಶಾಲೆಯಲ್ಲಿ ಒಂದು ಇತಿಹಾಸ ಸ್ಪರ್ಧೆ. ಹಿಂದಿನ ಕಾಲದ ಒಬ್ಬರನ್ನು ಆರಿಸಿಕೊಂಡು, ಅವರ ವಿಷಯ ಹುಡುಕಿ, ಹತ್ತು ನಿಮಿಷದಲ್ಲಿ ಜನರ ಮುಂದೆ ಹೇಳಬೇಕು. ಬೇರೆ ಮಕ್ಕಳು ಅಧ್ಯಕ್ಷರನ್ನು, ವಿಜ್ಞಾನಿಗಳನ್ನು ಹಿಡಿದರು. ನಮ್ಮವಳು ಹಿಡಿದದ್ದು ಪಕ್ಕದ ಮನೆಯ ಮುದುಕಿಯ ದೊಡ್ಡಮ್ಮನನ್ನು.

ಪಕ್ಕದ ಮನೆಯಾಕೆ ಇಂಗ್ಲೆಂಡಿನವರು. ಮದುವೆಯಾಗಿ ಡೆಟ್ರಾಯಿಟ್‌ಗೆ ಬಂದು ಐವತ್ತು ವರ್ಷದ ಮೇಲಾಗಿತ್ತು, ಯಜಮಾನರು ತೀರಿಕೊಂಡಿದ್ದರು. ಅವರ ದೊಡ್ಡಮ್ಮ ಮಾತಿಲ್ಲದ ಸಿನಿಮಾಗಳ ಕಾಲದಲ್ಲಿ ಇಂಗ್ಲೆಂಡಿನಲ್ಲಿ ನಾಯಕಿಯಾಗಿದ್ದವಳಂತೆ. ಆ ಕಥೆಯನ್ನು ಮೊಮ್ಮಗಳು ಆಕೆಯ ಅಡುಗೆಮನೆಯಲ್ಲಿ ಕೂತು ಬರೆದುಕೊಂಡು ಬಂದು, ತನ್ನ ಅರೆಬರೆ ಕನ್ನಡದಲ್ಲಿ ನನಗೆ ಹೇಳಿದ್ದಳು. ಸಮುದ್ರದ ದಂಡೆಯ ಊರು, ದೋಣಿಗೆ ಬಣ್ಣ ಬಳಿಯುವ ಅಪ್ಪ. ಹತ್ತು ವರ್ಷಕ್ಕೇ ದಂಡೆಯ ನಾಟಕದ ಅಟ್ಟದ ಮೇಲೆ ಕುಣಿಯಲು ನಿಂತಳು. ಅಲ್ಲಿಗೆ ಕ್ಯಾಮರಾದವನೊಬ್ಬ ಬಂದು ಕರೆದುಕೊಂಡು ಹೋದ. ಆಗ ಸ್ಟುಡಿಯೋ ಎಂದರೆ ಗಾಜಿನ ಚಾವಣಿಯ ಒಂದು ಕೊಟ್ಟಿಗೆ. ಬಿಸಿಲು ಬಂದರೆ ಕೆಲಸ, ಮೋಡ ಬಂದರೆ ಎಲ್ಲರೂ ಕೂತು ಸ್ವೆಟರ್ ಹೆಣೆಯುವುದು. ಕುದುರೆ ಓಡಿಸಿದಳು, ತಣ್ಣೀರಿಗೆ ಹಾರಿದಳು, ಅವಳ ಫೋಟೋ ಹಾಕಿದ ಕಾರ್ಡುಗಳನ್ನು ಜನ ಕೊಂಡು ಗೋಡೆಗೆ ಅಂಟಿಸಿಕೊಂಡರು. ಒಮ್ಮೆ ಹಡಗು ಹತ್ತಿ ಅಮೆರಿಕಕ್ಕೂ ಬಂದು, ಷಿಕಾಗೋದಲ್ಲಿ, ಇದೇ ಡೆಟ್ರಾಯಿಟ್‌ನಲ್ಲಿ ಚಿತ್ರಮಂದಿರದ ವೇದಿಕೆಯ ಮೇಲೆ ನಿಂತು ಕೈ ಬೀಸಿದ್ದಳು. ಆಮೇಲೆ ಸಿನಿಮಾಕ್ಕೆ ಮಾತು ಬಂತು. ಅವಳ ಮಾತಿನಲ್ಲಿ ಅವಳ ಊರಿನ ಮೀನಿನ ವಾಸನೆ ಇದೆ ಎಂದರು ಕಂಪನಿಯವರು. ಒಂದು ಟಾಕಿಯಲ್ಲಿ ಎರಡು ಮಾತು ಕೊಟ್ಟು ಕೈಬಿಟ್ಟರು. ಉಳಿದ ಆಯುಷ್ಯ ಟೋಪಿ ಹೊಲಿದು ಬದುಕಿದಳು. ವಯಸ್ಸಾದ ಮೇಲೆ ಈ ತಂಗಿಯ ಮಗಳ ಮನೆಗೆ ಬಂದು, ಇವರ ಬೇಸ್‌ಮೆಂಟಿನ ರೂಮಿನಲ್ಲೇ ಕಣ್ಣು ಮುಚ್ಚಿದಳು. ಅವಳ ಚಿತ್ರಗಳೆಲ್ಲ ಎಲ್ಲೆಲ್ಲೋ ಹಾಳಾಗಿ, ಉಳಿದದ್ದು ಒಂದೇ ಒಂದು ಸಣ್ಣ ರೀಲು.

ಆ ರೀಲನ್ನು ಪಕ್ಕದ ಮನೆಯಾಕೆ ಎಂದೋ ಅಂಗಡಿಗೆ ಕೊಟ್ಟು ವಿಡಿಯೋ ಕ್ಯಾಸೆಟ್ ಮಾಡಿಸಿದ್ದರು. ಮೊಮ್ಮಗಳು ಅದನ್ನೇ ಶಾಲೆಯಲ್ಲಿ ಹಾಕಿ ತೋರಿಸಿದಳು. ಅವತ್ತು ಬಸ್ಸಿನಿಂದ ಇಳಿದವಳು ಬ್ಯಾಗನ್ನು ಬಾಗಿಲಲ್ಲೇ ಒಗೆದಳು.

"ಯಾಕೇ ಪುಟ್ಟಿ, ಮುಖ ಹಾಗೆ ಊದಿಸ್ಕೊಂಡಿದೀಯ?"

"ದೇ ಲಾಫ್ಡ್, ತಾತ."

"ಯಾರು ನಕ್ಕಿದ್ದು?"

"ಎವ್ರಿಬಡಿ! ಟೀಚರ್ ಕೂಡ. ಶಿ ಈಸ್ ಸೋ ಸ್ಯಾಡ್, ಅಂಡ್ ದೇ ಲಾಫ್ಡ್!"

ಮಾತು ಚೆನ್ನಾಗಿ ಆಡಿದಳೆಂದು ಲಿವೋನಿಯಾದ ಮುಂದಿನ ಸುತ್ತಿಗೆ ಅವಳನ್ನು ಆರಿಸಿದ್ದರು. ಇವಳು ಹೋಗುವುದೇ ಇಲ್ಲ ಎಂದು ಹಟ ಹಿಡಿದಳು. ಆ ಅಮ್ಮನ ದುಃಖ ನೋಡಿ ಇನ್ನೊಂದು ಊರಿನವರೂ ನಗುವುದು ಬೇಡ, ಅಷ್ಟೇ ಅವಳ ಮಾತು. ಸಂಜೆ ಮಗಳು ಬಂದು ರಮಿಸಿದಳು, ಬೈದಳು, ಏನೂ ಆಗಲಿಲ್ಲ. "ಎಲ್ಲಿ, ನನಗೂ ತೋರ್ಸು," ಎಂದು ನಾನು ಟಿವಿ ಮುಂದೆ ಕೂತೆ.

ಒಂದು ಮನೆ, ಅತಿಥಿಗಳು, ಟೀ ಬಗ್ಗಿಸುತ್ತಿರುವ ಹೆಂಗಸು, ಆಕೆಯೇ ಆ ದೊಡ್ಡಮ್ಮ. ಕೈಗೆ ಒಂದು ಕಾಗದ ಬರುತ್ತದೆ. ಮೀನು ಹಿಡಿಯಲು ಹೋದ ಗಂಡ ಮುಳುಗಿಹೋದ ಎಂದು ಅದರಲ್ಲಿ ಇತ್ತಂತೆ. ಓದಿ, ಮಡಿಸಿ, ಮತ್ತೆ ಟೀ ಬಗ್ಗಿಸುತ್ತಾಳೆ. ಆದರೆ ಎಲ್ಲರೂ ಗೊಂಬೆಗಳ ಹಾಗೆ ಪಟಪಟ ತಲೆ ಆಡಿಸುತ್ತಿದ್ದರು. ಆಕೆಯ ಕೈ ಕೋಳಿ ಕಾಳು ಕುಕ್ಕಿದ ಹಾಗೆ ಹೋಗಿ ಬರುತ್ತಿತ್ತು. ನಿಜ ಹೇಳುತ್ತೇನೆ, ನನಗೂ ನಗು ಬಂತು. ಆ ನಗು ಅರ್ಧಕ್ಕೇ ನಿಂತುಹೋಯಿತು.

"ಮೆಷೀನು ತಪ್ಪು ಓಡಿದೆ," ಎಂದೆ.

"ಅಪ್ಪ, ಹಳೇ ಸಿನಿಮಾ ಅಲ್ವಾ, ಎಲ್ಲರೂ ಹಾಗೇ ಕುಣೀತಾರೆ," ಎಂದಳು ಮಗಳು.

"ಹಳೇ ಕಾಲದವರು ಕುಣ್ಕೊಂಡು ನಡೀತಿದ್ರಾ? ನಾನೂ ಹಳೇ ಕಾಲದವನೇ. ನಾನು ಕುಣೀತೀನಾ?"

"ಟೀ ಲೇಟಾದ್ರೆ ಕುಣೀತೀರಿ."

ಟೀ ಎಂದದ್ದೇ ತಲೆಗೆ ಹೊಳೆಯಿತು. ಕ್ಯಾಸೆಟ್ಟನ್ನು ಹಿಂದಕ್ಕೆ ಹಾಕಿಸಿ ಎಣಿಸಿದೆ. ಚಿತ್ರದಲ್ಲಿ ಕಪ್ಪು ತುಂಬಲು ನಾಲ್ಕು ಎಣಿಕೆ. ಅಡುಗೆಮನೆಗೆ ಹೋಗಿ ಅಂಥದೇ ಕಪ್ಪು ಇಟ್ಟು, ಕೆಟಲ್ಲಿನಿಂದ ಹೋಟೆಲಿನವರ ಹಾಗೆ ಮೇಲೆತ್ತಿ ಬಗ್ಗಿಸಿದೆ. ಮೇಜೆಲ್ಲ ಟೀ.

"ಅಪ್ಪಾ! ಆಕೆ ಇಂಗ್ಲೆಂಡಿನವಳು, ಬಸ್ ಸ್ಟ್ಯಾಂಡಲ್ಲಿ ಹೋಟ್ಲು ಇಟ್ಟಿರ್ಲಿಲ್ಲ. ಕಪ್ಪಿನ ಪಕ್ಕಕ್ಕೇ ಹಿಡಿದು ಹಾಕ್ತಾಳೆ."

ಪಕ್ಕಕ್ಕೆ ಹಿಡಿದು ಹಾಕಿದೆ. ಮೊಮ್ಮಗಳು ಎಣಿಸಿದಳು. ಆರು. ಇನ್ನೊಮ್ಮೆ ಹಾಕಿದೆ, ಆರೇ. ಮನುಷ್ಯರು ಬೇಕಾದರೆ ಅವಸರ ಮಾಡಲಿ, ಟೀ ಯಾವ ದೇಶದಲ್ಲೂ ಅಷ್ಟು ಬೇಗ ಬೀಳುವುದಿಲ್ಲ. ಮೂಕಿ ಚಿತ್ರಕ್ಕೆ ಸೆಕೆಂಡಿಗೆ ಹದಿನಾರು ಚಿತ್ರ ಓಡಬೇಕು, ಟಾಕಿಗೆ ಇಪ್ಪತ್ನಾಲ್ಕು. ಕ್ಯಾಸೆಟ್ ಮಾಡಿದವನು ಮೂಕಿಯನ್ನು ಟಾಕಿಯ ವೇಗದಲ್ಲಿ ಓಡಿಸಿದ್ದ.

ಇದು ನನಗೆ ಹೇಗೆ ಗೊತ್ತು ಎಂದರೆ, ಅದೇ ತಪ್ಪನ್ನು ನಾನೂ ಮಾಡಿದ್ದೆ. ವ್ಯಾನಿಗೆ ಸೇರಿದ ಹೊಸತು. ಜ್ವರದ ಚಿತ್ರ, ಶಬ್ದವಿಲ್ಲದ್ದು, ನಮ್ಮ ಮೇಸ್ತ್ರಿ ಮೈಕಿನಲ್ಲಿ ಕಥೆ ಹೇಳುತ್ತಿದ್ದರು. ನಾನು ವೇಗದ ಕೀಲಿಯನ್ನು ತಪ್ಪು ಕಡೆಗೆ ಹಾಕಿದ್ದೆ. ಪರದೆಯ ಮೇಲೆ ಜ್ವರ ಬಂದ ಕೂಸನ್ನು ಎತ್ತಿಕೊಂಡ ತಾಯಿ ಪಟಪಟ ಓಡಿದಳು, ಊರಿಗೆ ಊರೇ ಹೋ ಎಂದು ನಕ್ಕಿತು. ಮುಂದೆ ಕೂತಿದ್ದ ಒಬ್ಬ ಹೆಂಗಸು ಮಾತ್ರ ಎದ್ದು ಸೆರಗು ಬಾಯಿಗೆ ಇಟ್ಟುಕೊಂಡು ಹೊರಟುಹೋದಳು. ಹದಿನೈದು ದಿನದ ಹಿಂದೆ ಅವಳ ಕೂಸು ಜ್ವರದಲ್ಲೇ ಹೋಗಿತ್ತಂತೆ. ಮೇಸ್ತ್ರಿ ನನಗೆ ಹೊಡೆಯಲಿಲ್ಲ, ಹೊಡೆದಿದ್ದರೆ ಚೆನ್ನಾಗಿತ್ತು. "ಜನ ನಕ್ರೆ ಜನರನ್ನ ಬೈಬೇಡ. ನಿನ್ನ ಕೈ ಎಲ್ಲಿದೆ ನೋಡ್ಕೊ," ಎಂದರು. ಅವತ್ತಿನಿಂದ ಪರದೆಯ ಮೇಲಿನವರ ನಡಿಗೆ ನೋಡಿ ವೇಗ ಇಡುವುದನ್ನು ಕಲಿತೆ.

ಮಾರನೆಯ ದಿನ ಶನಿವಾರ. ಮೂವರೂ ಪಕ್ಕದ ಮನೆಗೆ ಹೋದೆವು. ಬೇಸ್‌ಮೆಂಟಿನ ಮೂಲೆಯಲ್ಲಿ ಹಳೆಯ ಬೆಡ್‌ಶೀಟು ಹೊದ್ದು ಕೂತಿದ್ದ ಮೆಷೀನನ್ನು ನೋಡಿ ನನ್ನ ಕಣ್ಣು ಒದ್ದೆಯಾಯಿತು. ನಮ್ಮ ವ್ಯಾನಿನಲ್ಲಿದ್ದುದರ ಒಡಹುಟ್ಟಿದ್ದೇ ಇರಬೇಕು. ಅದೇ ತೂಕ, ಅದೇ ಎಣ್ಣೆಯ ವಾಸನೆ. ಪಕ್ಕದಲ್ಲಿ ಹೆಬ್ಬೆರಳಿನಷ್ಟು ಕೀಲಿ, ಅದರ ಎರಡು ಕಡೆ ಎರಡು ಇಂಗ್ಲಿಷ್ ಪದ, ಒಂದು ಮೂಕಿಗೆ, ಒಂದು ಟಾಕಿಗೆ. ನನಗೆ ಓದಲು ಬಾರದಿದ್ದರೂ ಅವೆರಡರ ಆಕಾರ ಮರೆತಿಲ್ಲ. ಕೀಲಿ ಟಾಕಿಯ ಕಡೆಗೇ ಜಿಡ್ಡು ಹಿಡಿದು ಕೂತುಬಿಟ್ಟಿತ್ತು. ಅದು ಯಾತಕ್ಕೆ ಎಂದು ಈ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲವಂತೆ. ಹೊಲಿಗೆ ಮೆಷೀನಿನ ಎಣ್ಣೆ ಎರಡು ತೊಟ್ಟು ಬಿಟ್ಟು, ಅಲುಗಿಸಿ ಅಲುಗಿಸಿ, ಮೂಕಿಯ ಕಡೆಗೆ ತಳ್ಳಿದೆ. ನನ್ನ ಬನಿಯನ್ನಿನ ಚೂರಿನಿಂದ ಫಿಲಂ ಹೋಗುವ ದಾರಿ ಒರೆಸಿ, ರೀಲು ಏರಿಸಿ, ಗೋಡೆಯ ಮೇಲೆ ಬಿಟ್ಟೆ.

ಪಕ್ಕದ ಮನೆಯಾಕೆ ಮೆಟ್ಟಿಲ ಮೇಲೆ ಕೂತು ನೋಡಿದರು. ಮುಗಿದ ಮೇಲೂ ಏಳಲಿಲ್ಲ. ಆಮೇಲೆ ನಿಧಾನವಾಗಿ ಏನೋ ಹೇಳಿದರು, ಮಗಳು ನನಗೆ ಕನ್ನಡದಲ್ಲಿ ಹೇಳಿದಳು. ಪ್ರತಿ ಕ್ರಿಸ್‌ಮಸ್‌ಗೂ ಈ ರೀಲು ಹಾಕುತ್ತಿದ್ದರಂತೆ, ಮನೆಯವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರಂತೆ. ದೊಡ್ಡಮ್ಮನೂ ಜೊತೆಗೆ ನಗುತ್ತಿದ್ದಳು. ಒಂದೇ ಒಂದು ಸಲ, "ನಾನು ಇಷ್ಟು ಅವಸರ ಮಾಡಿರಲಿಲ್ಲ," ಎಂದಳಂತೆ. ಅದಕ್ಕೂ ಎಲ್ಲರೂ ನಕ್ಕರಂತೆ.

"ಐ ವಿಲ್ ಗೋ," ಎಂದಳು ಮೊಮ್ಮಗಳು. "ತಾತ, ಯೂ ರನ್ ದ ಮೆಷೀನ್."

ಆದರೆ ಸ್ಪರ್ಧೆಯ ನಿಯಮ ಬೇರೆ ಇತ್ತು. ಎಲ್ಲವನ್ನೂ ಮಕ್ಕಳೇ ಮಾಡಬೇಕು, ದೊಡ್ಡವರು ಏನನ್ನೂ ಮುಟ್ಟುವ ಹಾಗಿಲ್ಲ. ಸರಿ, ಊಟದ ಮೇಜಿನ ಮೇಲೆ ಮೆಷೀನು ಇಟ್ಟುಕೊಂಡು ಪಾಠ ಶುರುವಾಯಿತು. ನನ್ನ ಜೀವಮಾನದಲ್ಲಿ ಮೊದಲ ಸಲ ನಾನು ಮೇಷ್ಟ್ರು!

"ಮೇಲೊಂದು ಲೂಪು ಬಿಡು, ಕೆಳಗೊಂದು ಲೂಪು ಬಿಡು. ಬಿಗಿ ಮಾಡಿದ್ರೆ ಫಿಲಂ ಹರಿಯುತ್ತೆ."

"ಲೈಕ್ ಜಡೆ? ಅಮ್ಮ ಟೈಟ್ ಆಗಿ ಹಾಕಿದ್ರೆ ಹರ್ಟ್ಸ್."

"ಹೂಂ, ಹಾಗೇ. ಅದಕ್ಕೂ ನೋವಾಗುತ್ತೆ ಅಂದ್ಕೋ."

ಒಂದು ವಾರದಲ್ಲಿ ಕಣ್ಣು ಮುಚ್ಚಿ ರೀಲು ಏರಿಸುವಷ್ಟಾದಳು. ನಡುವೆ ಸುಮ್ಮನೆ ಕೂರಲಾಗದೆ ವ್ಯಾನಿನ ಕಥೆಗಳನ್ನೂ ಹೇಳುತ್ತಿದ್ದೆ. ಮಳೆ ಬಂದು ಪರದೆ ಹಾರಿಹೋದದ್ದು, ಸುತ್ತುವ ರೀಲಿನ ಬೆಲ್ಟು ಹರಿದಾಗ ಮೇಸ್ತ್ರಿ ನನ್ನ ಉಡಿದಾರ ಬಿಚ್ಚಿಸಿ ಬೆಲ್ಟು ಮಾಡಿದ್ದು. ಅವಳು ಬಿದ್ದು ಬಿದ್ದು ನಕ್ಕು, ಉಡಿದಾರ ಎಂದರೆ ಏನು ಎಂದು ತೋರಿಸಲು ಪೀಡಿಸಿದಳು. ಷರ್ಟಿನ ಅಂಚು ಎತ್ತಿ ಒಂದೆಳೆ ತೋರಿಸಿದೆ.

ಇನ್ನೊಂದು ತೊಡಕು ಆಮೇಲೆ ಗೊತ್ತಾಯಿತು. ಸರಿಯಾದ ವೇಗದಲ್ಲಿ ಓಡಿಸಿದರೆ ನಾಲ್ಕು ನಿಮಿಷದ ಚಿತ್ರ ಆರು ನಿಮಿಷ. ಅವಳ ಮಾತು ಆರು ನಿಮಿಷ. ಒಟ್ಟು ಇರುವುದೇ ಹತ್ತು.

"ಫಿಲಂ ಅರ್ಧಕ್ಕೆ ನಿಲ್ಸಿಬಿಡು ಪುಟ್ಟಿ, ಮಾತಿಗೇ ಮಾರ್ಕ್ಸು," ಎಂದಳು ಮಗಳು.

"ನೋ. ಐ ವಿಲ್ ಟಾಕ್ ಲೆಸ್."

ತಿಂಗಳಿಡೀ ಹುಡುಕಿ ಬರೆದದ್ದನ್ನು ತಾನೇ ಪೆನ್ಸಿಲ್ ಹಿಡಿದು ಹೊಡೆದು ಹಾಕಿದಳು. ಫೋಟೋ ಕಾರ್ಡು ಹೋಯಿತು, ಕುದುರೆ ಹೋಯಿತು, ಅವಳಿಗೆ ಎಲ್ಲಕ್ಕಿಂತ ಇಷ್ಟವಾಗಿದ್ದ ಡೆಟ್ರಾಯಿಟ್ ವೇದಿಕೆಯೂ ಹೋಯಿತು. ಗಾಜಿನ ಚಾವಣಿ, ಮೀನಿನ ವಾಸನೆ, ಟೋಪಿ, ಇಷ್ಟು ಉಳಿಯಿತು. ನನಗೆ ಡೊಳ್ಳು ಬಾರಿಸಿ ಊರಿಗೆಲ್ಲ ಸಾರುವಷ್ಟು ಹೆಮ್ಮೆ.

ಸ್ಪರ್ಧೆಯ ದಿನ ಇಪ್ಪತ್ತು ಡಿಗ್ರಿ, ಅವರ ಲೆಕ್ಕದ ಡಿಗ್ರಿ, ಎಂದರೆ ಕೊರೆಯುವ ಚಳಿ. ಕಾರಿನಲ್ಲಿ, ಹೆದ್ದಾರಿಯಿಂದ ಲಿವೋನಿಯಾಕ್ಕೆ ತಿರುಗುವ ಎಕ್ಸಿಟ್ ಬರುವವರೆಗೂ ಮೆಷೀನನ್ನು ಕಂಬಳಿ ಸುತ್ತಿ ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಪಕ್ಕದ ಮನೆಯಾಕೆ ಮುಂದಿನ ಸೀಟಿನಲ್ಲಿ, ಅವರ ತೊಡೆಯ ಮೇಲೆ ರಿಬ್ಬನ್ ಕಟ್ಟಿದ ಕೇಕಿನ ಡಬ್ಬಿ. ಗೆದ್ದರೂ ತಿನ್ನೋಣ, ಸೋತರೂ ತಿನ್ನೋಣ ಎಂದು ತಂದಿದ್ದರು.

ಹಾಲಿನಲ್ಲಿ ನಾವು ಮುಂದಿನ ಸಾಲಿನಲ್ಲೇ ಕೂತೆವು. ಮೊಮ್ಮಗಳ ಹೆಸರು ಕರೆದರು. ಸಿದ್ಧ ಮಾಡಿಕೊಳ್ಳಲು ಐದು ನಿಮಿಷ. ಅವಳು ಮೆಷೀನು ಇಟ್ಟು, ರೀಲು ಏರಿಸಿ, ಎರಡು ಲೂಪು ಬಿಟ್ಟು, ಪರೀಕ್ಷೆಗೆಂದು ಸ್ವಿಚ್ಚು ಒತ್ತಿದಳು. ಟಣ್! ಸುತ್ತುವ ರೀಲಿನ ಸ್ಪ್ರಿಂಗ್ ಬೆಲ್ಟು ಹರಿದು ನೆಲಕ್ಕೆ ಬಿತ್ತು. ಎಷ್ಟು ವರ್ಷದ ಬೆಲ್ಟೋ ಏನೋ.

ನಾನು ಎದ್ದೇಬಿಟ್ಟೆ. ತೀರ್ಪುಗಾರ್ತಿ ಅಂಗೈ ತೋರಿಸಿ, "ಸರ್, ಪ್ಲೀಸ್," ಎಂದರು. ಕೂತೆ. ನನ್ನ ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡೆ, ಇಲ್ಲದಿದ್ದರೆ ಅವು ತಾವೇ ಎದ್ದು ಹೋಗುತ್ತಿದ್ದವು. ಮೊಮ್ಮಗಳು ನೆಲದ ಮೇಲಿನ ಬೆಲ್ಟನ್ನು ನೋಡಿದಳು, ನನ್ನನ್ನು ನೋಡಿದಳು. ಎಂದೂ ಪೂರಾ ಕನ್ನಡದಲ್ಲಿ ಉತ್ತರ ಕೊಡದ ಹುಡುಗಿ ಇಡೀ ಹಾಲಿಗೆ ಕೇಳುವ ಹಾಗೆ ಕೂಗಿದಳು:

"ತಾತಾ! ಉಡಿದಾರ ಕೊಡಿ!"

ನಾನು ಷರ್ಟು ಎತ್ತಿದೆ.

"ಅಯ್ಯೋ ಅಪ್ಪಾ, ಇಲ್ಲಿ ಬೇಡ!" ಎಂದಳು ಮಗಳು ಕೈಯಲ್ಲಿ ಮುಖ ಮುಚ್ಚಿಕೊಂಡು.

"ಮತ್ತೆಲ್ಲಿ, ರಾಚೆಸ್ಟರ್ ಹಿಲ್ಸ್‌ಗೆ ಹೋಗಿ ಬಿಚ್ಲಾ?"

ಮುಟ್ಟಬಾರದು ಎಂದಿತ್ತು, ಕೊಡಬಾರದು ಎಂದಿರಲಿಲ್ಲ. ಗಂಟು ಬಿಚ್ಚಿ ಕೊಟ್ಟೆ. ಅವಳು ಅದನ್ನು ಎರಡು ಎಳೆ ಮಾಡಿ, ಹೊಸೆದು, ಗಾಲಿಗಳಿಗೆ ಸುತ್ತಿ, ಹಲ್ಲಿನಿಂದ ಎಳೆದು ಗಂಟು ಹಾಕಿದಳು. ಮೇಸ್ತ್ರಿ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು! ಇತ್ತ ನನಗೆ ಬೇರೆ ಚಿಂತೆ. ಹೊಸದು ಕಟ್ಟಿಕೊಳ್ಳದೆ ಹಳೆಯದನ್ನು ತೆಗೆಯಬಾರದು, ಬರಿ ಸೊಂಟದಲ್ಲಿ ಒಂದು ಗಳಿಗೆಯೂ ಇರಬಾರದು ಎಂದು ಹುಟ್ಟಿದಾಗಿನಿಂದ ಕೇಳಿದವನು. ಮಗಳು ಪಕ್ಕದ ಮನೆಯಾಕೆಯ ಕಿವಿಯಲ್ಲಿ ವಿಷಯ ಹೇಳಿದಳು. ಆಕೆ ಒಂದು ಕ್ಷಣ ನನ್ನನ್ನು ನೋಡಿ, ಕೇಕಿನ ಡಬ್ಬಿಯ ಹಸಿರು ರಿಬ್ಬನ್ನನ್ನು ಬಿಚ್ಚಿ ನನ್ನ ಕೈಗೆ ಇಟ್ಟರು. ಕಟ್ಟಿಕೊಂಡೆ. ಧೈರ್ಯ ಬಂತು.

ಅವಳು ನಾಲ್ಕು ನಿಮಿಷ ಮಾತನಾಡಿದಳು, ದೀಪ ಆರಿಸಿದರು.

ಮನೆ ತುಂಬ ಅತಿಥಿಗಳು. ಕಾಗದ ಬಂತು, ಆಕೆ ಓದಿದಳು. ಓದಿ ಮುಗಿದ ಮೇಲೂ ಅವಳ ಕಣ್ಣು ಕಾಗದದ ಮೇಲೇ ಇತ್ತು. ಕ್ಯಾಸೆಟ್ಟಿನಲ್ಲಿ ಅದು ಕಾಣಿಸಿರಲೇ ಇಲ್ಲ. ಮಡಿಸಿದಳು, ಇನ್ನೊಂದು ಮಡಿಕೆ ಮಡಿಸಿದಳು. ಕೆಟಲು ಎತ್ತಿ ಎದುರಿನವಳಿಗೆ ಟೀ ಬಗ್ಗಿಸತೊಡಗಿದಳು. ಕಪ್ಪು ತುಂಬಿತು. ಬಗ್ಗಿಸುತ್ತಲೇ ಇದ್ದಳು. ಬಸಿ ತುಂಬಿತು, ಮೇಜಿನ ಬಟ್ಟೆಯ ಮೇಲೆ ಕಪ್ಪಗೆ ಹರಡಿತು. ಎದುರಿನವಳು ತಲೆ ಎತ್ತಿ ನೋಡಿದಳು. ಆಗ ಈ ತಾಯಿ ನಕ್ಕಳು. ಅತಿಥಿಗೆ ಬೇಸರವಾಗಬಾರದಲ್ಲ, ಅದಕ್ಕೆ. ತುಟಿ ಮಾತ್ರ ನಕ್ಕಿತು.

ಹಾಲಿನಲ್ಲಿ ಮೆಷೀನಿನ ಟಕಟಕ ಬಿಟ್ಟರೆ ಬೇರೆ ಸದ್ದಿಲ್ಲ. ಆಮೇಲೆ ನನ್ನ ಕಣ್ಣು ಪರದೆ ಬಿಟ್ಟು ಮೆಷೀನಿನ ಮೇಲೇ ನಿಂತಿತು. ಉಡಿದಾರ ಒಂದೆರಡು ಸಲ ಜಾರಿತು, ಮೊಮ್ಮಗಳು ಬೆರಳಿನಿಂದ ರೀಲನ್ನು ಮೆಲ್ಲಗೆ ತಳ್ಳಿದಳು, ಫಿಲಂ ಒಂದು ಗೇಣೂ ನೆಲಕ್ಕೆ ಬೀಳಗೊಡಲಿಲ್ಲ. ಹಿಂದೆ ಯಾರೋ ಮೂಗು ಒರೆಸಿಕೊಂಡರು. ಪಕ್ಕದ ಮನೆಯಾಕೆ ನನ್ನ ಕೈ ಹಿಡಿದುಕೊಂಡು, ಪರದೆಯ ಕಡೆ ನೋಡುತ್ತಲೇ ಹೇಳಿದ ಮೂರು ಮಾತು ನನಗೆ ಯಾರ ಸಹಾಯವೂ ಇಲ್ಲದೆ ಅರ್ಥವಾಯಿತು. "ಶಿ ಟೋಲ್ಡ್ ಅಸ್."

ದೀಪ ಹತ್ತಿತು. ಮೊದಲು ಒಬ್ಬರು ಎದ್ದು ನಿಂತು ಚಪ್ಪಾಳೆ ಹೊಡೆದರು, ಆಮೇಲೆ ಎಷ್ಟು ಜನ ಎದ್ದರು ಎಂದು ನೋಡಲು ನನಗೆ ಕಣ್ಣು ಕಾಣುತ್ತಿರಲಿಲ್ಲ. ಸಂಜೆ ಮೊದಲ ಬಹುಮಾನ ಎಂದು ನೀಲಿ ರಿಬ್ಬನ್ನೊಂದನ್ನು ಅವಳ ಎದೆಗೆ ಚುಚ್ಚಿದರು. ನನ್ನ ಹಸಿರು ರಿಬ್ಬನ್ನು ಅದಕ್ಕಿಂತ ಮೊದಲೇ ಬಂದಿತ್ತು, ಒಳಗಿದ್ದುದರಿಂದ ಯಾರಿಗೂ ಕಾಣಲಿಲ್ಲ. ಮುಂದಿನ ಸುತ್ತಿಗೆ ಲ್ಯಾನ್ಸಿಂಗ್‌ಗೆ ಬನ್ನಿ ಎಂದರು. ಹೊಸ ಬೆಲ್ಟು ತಂದುಕೊಳ್ಳಿ ಎಂದೂ ಹೇಳಿದರು.

ನನ್ನವಳಿಗೆ ಫೋನು ಮಾಡಿ ಎಲ್ಲ ಹೇಳಿದೆ, ಒಂದೇ ಉಸಿರಿಗೆ.

"ಅಲ್ಲೀಗಂಟ ಹೋಗಿ ರೀಲು ಸುತ್ತಿದ್ರಾ?" ಎಂದಳು.

"ನಾನಲ್ಲ ಕಣೇ, ಅವ್ಳು ಸುತ್ತಿದ್ದು. ನಾನು ಕೈ ಕಟ್ಕೊಂಡು ಕೂತಿದ್ದೆ."

"ನೀವು? ಕೈ ಕಟ್ಕೊಂಡು? ಹಾಗಾದ್ರೆ ನಿಮಗೂ ಒಂದು ಬಹುಮಾನ ಕೊಡ್ಬೇಕಿತ್ತು ಬಿಡಿ."

ಕೊಟ್ಟಿದ್ದರು. ಲ್ಯಾನ್ಸಿಂಗ್‌ಗೆ ಕಳಿಸಲು ಮೊಮ್ಮಗಳು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಅಚ್ಚು ತೆಗೆದಳು. ಕೊನೆಯ ಹಾಳೆಯಲ್ಲಿ, ಯಾವ ಯಾವ ಪುಸ್ತಕದಿಂದ, ಯಾರ ಯಾರಿಂದ ವಿಷಯ ತಿಳಿಯಿತು ಎಂದು ಪಟ್ಟಿ ಕೊಡಬೇಕಂತೆ. ದಪ್ಪ ದಪ್ಪ ಪುಸ್ತಕ ಬರೆದವರ ಹೆಸರುಗಳ ಕೆಳಗೆ ಪಕ್ಕದ ಮನೆಯಾಕೆಯ ಹೆಸರು. ಅದರ ಕೆಳಗೆ ಇನ್ನೊಂದು.

"ಇದ್ಯಾರು?" ಎಂದೆ.

"ತಾತ! ದಟ್ಸ್ ಯೂ. ಓದಿ."

ಮಗಳು ಓದಿ ಹೇಳಿದಳು. ನನ್ನ ಹೆಸರು, ಅದರ ಮುಂದೆ, ಚಿತ್ರದ ವೇಗದ ವಿಷಯದಲ್ಲಿ ತಿಳಿದವರು, ಊಟದ ಮೇಜಿನ ಬಳಿ ಹೇಳಿದ್ದು. ಇಂಗ್ಲಿಷಿನಲ್ಲಿ ನನ್ನ ಹೆಸರಿನ ಆಕಾರ ಹೇಗಿರುತ್ತದೆ ಎಂದು ಈಗ ನನಗೆ ಗೊತ್ತು. ಆ ಹಾಳೆಯ ಒಂದು ಪ್ರತಿ ಕೇಳಿ ಪಡೆದು, ಹಸಿರು ರಿಬ್ಬನ್ನಿನ ಜೊತೆ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ನನಗೆ ಹೊಸ ಉಡಿದಾರ ಬಂದಿದೆ. ಹಳೆಯದು ಆ ಮೆಷೀನಿಗೇ ಇರಲಿ ಎಂದು ಬಿಟ್ಟುಬಂದೆ, ಪಕ್ಕದ ಮನೆಯಾಕೆ ಪ್ರತಿ ಭಾನುವಾರ ಟೀ ಹೊತ್ತಿಗೆ ಅದರಲ್ಲೇ ಓಡಿಸಿಕೊಂಡು ನೋಡುತ್ತಾರಂತೆ.